ಗೋಡೆಯ ಮೇಲೆ ಉಳಿದ ಏಳು

ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟವಾಗುತ್ತಿದ್ದ ಕಾಲ. ದೊಡ್ಡಆಲಹಳ್ಳಿಯ ಮಾಯಣ್ಣ ರೇಷ್ಮೆಗೂಡು ಹಾಕಿಕೊಂಡು ರಾಮನಗರಕ್ಕೆ ಬಂದಾಗಲೆಲ್ಲ, ಹರಾಜು ಮುಗಿಸಿ ಮುಕ್ತಿಯಾರನ ನೂಲು ತೆಗೆಯುವ ಶೆಡ್ಡಿಗೆ ಹೋಗುತ್ತಿದ್ದ. ಟೀ ನೆಪ. ಮನಸ್ಸಿದ್ದದ್ದು ಅಲ್ಲಿಯ ಗೋಡೆಯ ಮೇಲೆ.

ಮುಕ್ತಿಯಾರ್ ಒಂದು ದಿನ ಆ ಗೋಡೆಗೆ ಇದ್ದಿಲಲ್ಲಿ ೧೪೨೮೫೭ ಎಂದು ಬರೆದು, "ಇದು ನಮ್ ರಾಟೆ ಇದ್ದಂಗೆ ಕಣ್ಲಾ. ಎರಡ್ರಿಂದ ಗುಣ್ಸು," ಎಂದಿದ್ದ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಮಾಯಣ್ಣ ಬೆರಳು ಮಡಿಚಿ ಗುಣಿಸಿದರೆ ೨೮೫೭೧೪. ಅವೇ ಆರು ಅಂಕಿ, ಅದೇ ಸಾಲು. ಮುಂದಿದ್ದ ಒಂದು, ನಾಲ್ಕು ಮಾತ್ರ ಹಿಂದೆ ಹೋಗಿ ಕೂತಿದ್ದವು.

"ಏನ್ ಮಾಟ ಸಾಬ್ರೇ ಇದು?"

"ಮಾಟ ಅಲ್ಲ, ಲೆಕ್ಕ. ಬೆಳೆಗೊಂದು ಗುಣಾಕಾರ. ಎಲ್ಲಾ ಇವತ್ತೇ ಮಾಡ್ಬುಟ್ರೆ ನೀನು ಮತ್ತೆ ಬತ್ತೀಯೇನ್ಲಾ?"

ಹಾಗೇ ಆರರವರೆಗೂ ನಡೆಯಿತು. ಪ್ರತಿ ಸಲ ಅವೇ ಅಂಕಿಗಳು ಬೇರೆ ಬೇರೆ ಕಡೆಯಿಂದ ಹೊರಟು ಸುತ್ತು ಬರುತ್ತಿದ್ದವು. "ಏಳು ನಂಗೂ ಗೊತ್ತಿಲ್ಲ. ಒಬ್ನೇ ಮಾಡ್ಬ್ಯಾಡ, ಇಬ್ರೂ ಸೇರಿ ನೋಡಾನ," ಎಂದಿದ್ದ ಮುಕ್ತಿಯಾರ್. ಹುಳುವಿಗೆ ಸೊಪ್ಪು ಹಾಕುವಾಗಲೂ ಮಾಯಣ್ಣನಿಗೆ ಆ ಲೆಕ್ಕ ನಾಲಿಗೆ ತುದಿಗೆ ಬರುತ್ತಿತ್ತು. ನುಂಗಿಕೊಳ್ಳುತ್ತಿದ್ದ.

ರಂಜಾನಿನ ಮಾರನೆಯ ದಿನ ಮುಕ್ತಿಯಾರನೇ ಏಳರ ಕುತೂಹಲ ತಡೆಯಲಾರದೆ ಹಳ್ಳಿಗೆ ಬಂದ. ಮಾಯಣ್ಣ ಸೊಪ್ಪು ಕೊಯ್ಯಲು ಹೋಗಿದ್ದ. ಹುಳುಗಳು ಪೊರೆ ಬಿಡಲು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಮುಕ್ತಿಯಾರನ ಹೊಸ ಅಂಗಿಯಿಂದ ಅತ್ತರು ಘಮ್ಮೆನ್ನುತ್ತಿತ್ತು. ಆ ವಾಸನೆ ಹುಳುವಿಗೆ ಆಗದೆಂದು ಮಾಯಣ್ಣನ ಹೆಂಡತಿ ಪುಟ್ಟಗೌರಮ್ಮ ಅವನನ್ನು ಬೇಲಿಯಾಚೆಯೇ ನಿಲ್ಲಿಸಿದಳು.

"ತಪ್ಪು ತಿಳ್ಕಬ್ಯಾಡಿ ಅಣ್ಣಾ."

"ಹುಳ ನಮ್ಗೂ ಅನ್ನ ಕೊಡೋದೇ ಅಲ್ವೇನಮ್ಮ. ಗೂಡು ತಕ್ಕೊಂಡು ಅವ್ನೇ ಬರ್ಲಿ," ಎಂದು ನಕ್ಕು ಹೊರಟುಹೋದ.

ಗೂಡು ಬಂತು. ಹರಾಜಿನಲ್ಲಿ ಮುಕ್ತಿಯಾರ್ ಕಾಣಲಿಲ್ಲ. ಎದೆನೋವು ಬಂದು ತೀರಿಕೊಂಡನೆಂದು ಯಾರೋ ಹೇಳಿದರು.

ಶೆಡ್ಡಿನಲ್ಲಿ ಅವನ ಅಕ್ಕ ಅಮೀರುನ್ನೀಸಾ ರಾಟೆ ತಿರುಗಿಸುತ್ತಿದ್ದಳು. ಹಬ್ಬಕ್ಕೆ ಗೋಡೆಗೆಲ್ಲ ಸುಣ್ಣ ಬಳಿದಿತ್ತು, ಲೆಕ್ಕದ ಜಾಗ ಒಂದನ್ನು ಬಿಟ್ಟು.

"ಅದನ್ನ ಮುಟ್ಟೋಕೆ ಬಿಡ್ಲಿಲ್ಲ ಅವ್ನು, ಮಾಯಣ್ಣ ಬರ್ಬೇಕು ಅಂತ. ಬರಿಯಪ್ಪಾ."

ಮಾಯಣ್ಣ ಇದ್ದಿಲು ಹಿಡಿದು ಏಳರಿಂದ ಗುಣಿಸಿದ. ೯೯೯೯೯೯ ಬಂತು. ತಪ್ಪಿದೆನೇನೋ ಎಂದು ಮತ್ತೆ ಗುಣಿಸಿದ. ಬರೀ ಒಂಬತ್ತು. ಇಷ್ಟು ದಿನ ಸುತ್ತಿದ ಅಂಕಿಗಳಲ್ಲಿ ಒಂದೂ ಇರಲಿಲ್ಲ.

"ಮುಗೀತಾ?"

"ಒಸಿ ತಡೀರವ್ವಾ."

ಎಂಟರಿಂದ ಗುಣಿಸಿದ. ೧೧೪೨೮೫೬. ಮೊದಲ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿ ಹೋಲಿಸಿದ. ಅಂಕಿಗಳು ತಿರುಗಿ ಬಂದಿದ್ದವು. ಕೊನೆಯ ಏಳರಿಂದ ಒಂದು ಕಳಚಿಕೊಂಡು ಎಲ್ಲಕ್ಕಿಂತ ಮುಂದೆ ಹೋಗಿ ನಿಂತಿತ್ತು. ಅದರ ಜಾಗದಲ್ಲಿ ಆರು ಉಳಿದಿತ್ತು.

"ಬಂದವೆ ಕಣವ್ವಾ. ಒಂದು ಮಾತ್ರ ಮುಂದಕ್ಕೆ ಹೋಗ್ಬುಟ್ಟೈತೆ."

ಅಮೀರುನ್ನೀಸಾ ರಾಟೆ ನಿಲ್ಲಿಸಿ ಗೋಡೆಯನ್ನೊಮ್ಮೆ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಟೀಗೆ ನೀರಿಟ್ಟಳು.

"ಒಂಬತ್ತರ ಲೆಕ್ಕ ಇವತ್ತು ಬ್ಯಾಡ," ಎಂದಳು. "ಮುಂದಿನ ಬೆಳೆಗೆ ಬಾ."