ಚಿಕ್ಕಯ್ಯನ ಬಾವಿ

"ಆ ಚೊಂಬು ಮುಟ್ಬ್ಯಾಡಿ ಸ್ವಾಮಿ! ಬ್ಯಾರೆ ನೀರು ಕೊಡ್ತೀನಿ."

ಕಾಲು ತೊಳೆಯಲು ಬಗ್ಗಿದ್ದ ಪಂಚಾಕ್ಷರಯ್ಯನವರು ಕೈ ಹಿಂದಕ್ಕೆಳೆದುಕೊಂಡರು. ಹೊಸ್ತಿಲ ಪಕ್ಕದಲ್ಲಿ ಹುಣಸೆಹಣ್ಣು ಹಾಕಿ ಬೆಳಗಿಟ್ಟ ಹಿತ್ತಾಳೆ ಚೊಂಬು, ಕಂಠದ ತನಕ ನೀರು. ಮುನಿಯಕ್ಕ ಒಳಗಿನಿಂದ ಬೇರೊಂದು ತಂಬಿಗೆ ತಂದಳು. "ಅದು ನಮ್ಮ ಯಜಮಾನ್ರಿಗೆ. ದೂರದಿಂದ ನಡ್ಕಂಡ್ ಬರೋರು ನೋಡಿ."

ಯಜಮಾನರು ಬರ್ಮಾದ ಗಡಿಯಲ್ಲಿ ಸೈನ್ಯದ ಪಟಾಲಮ್ಮಿಗೆ ರಸ್ತೆ ಮಾಡಲೆಂದು ಹೋಗಿ ಏಳು ವರ್ಷವಾಗಿತ್ತು. ಯುದ್ಧ ಮುಗಿಯಿತು, ಬಿಳಿಯರೂ ಹೋದರು. ಒಂದು ಕಾಗದ ಬರಲಿಲ್ಲ. ಮುನಿಯಕ್ಕನ ಹಣೆಯ ಕುಂಕುಮ ಮಾತ್ರ ಕಾಸಗಲ ಹಾಗೇ ಇತ್ತು.

ಬಸವನಗುಡಿಯ ಆಚೆ, ಗುಡ್ಡದ ಮಗ್ಗುಲಿಗೆ ಹೊಸ ಬಡಾವಣೆ ಬರುವುದಿತ್ತು. ನೆಲ ಮಟ್ಟ ಮಾಡುವ ಮೊದಲು ಅಲ್ಲಿನ ತೋಪು, ಬಂಡೆ, ಬಾವಿಗಳ ಹೆಸರು ಬರೆದುಕೊಳ್ಳುವುದು ಪಂಚಾಕ್ಷರಯ್ಯನವರ ಕೆಲಸ. ಉಳಿದವರೆಲ್ಲ ಮನೆ ಖಾಲಿ ಮಾಡಿ ಶ್ರೀರಾಂಪುರದ ಕಡೆ ಹೋಗಿದ್ದರು, ಇದ್ದವಳು ಇವಳೊಬ್ಬಳೇ. ನಾಳೆ ಆ ಹೆಸರುಗಳ ಪುಸ್ತಕ ಕಚೇರಿಗೆ ಸೇರಬೇಕು. ಅದಕ್ಕೆ ಮುಂಚೆ ಒಮ್ಮೆ ಓದಿ ಹೇಳಿ ಹೋಗೋಣವೆಂದು ಚಾಮರಾಜಪೇಟೆಯಿಂದ ಬಂದಿದ್ದರು. ಜಗಲಿಯ ಮೇಲೆ ಕೂತು, ಶಿವನಾಮ ಹೇಳುವಷ್ಟೇ ನಿಧಾನವಾಗಿ ಓದಿದರು.

"ಹುಣಸೆತೋಪು. ಕೋತಿಬಂಡೆ. ಸೂಲಗಿತ್ತಿ ಕಲ್ಲು. ಚಿಕ್ಕಯ್ಯನ ಬಾವಿ..."

"ಯಾವ ಚಿಕ್ಕಯ್ಯ?"

"ನೀನೇ ಹೇಳಿದ್ದಲ್ಲಮ್ಮ ಮೊನ್ನೆ? 'ದೊಡ್ಡದಲ್ದೇ ಇದ್ರೆ ಏನಂತೀರಿ, ಅದೇ ನಮ್ಮೋರ ಹೆಸರು' ಅಂತ."

"ಅಯ್ಯೋ ನನ್ ಕರ್ಮವೇ! ಸೀಮೆಯೆಲ್ಲಾ ಬರ್ಕಂಡೋಗೋ ಬುದ್ಧಿವಂತ್ರು, ಇಷ್ಟು ಒಗಟು ಬಿಡಿಸಕ್ಕಾಗ್ಲಿಲ್ವಾ? ಮೂರು ಬ್ಯಾಸ್ಗೆ ಒಬ್ರೇ ತೋಡಿದ ಬಾವಿ ಸ್ವಾಮಿ ಅದು!"

ಪಂಚಾಕ್ಷರಯ್ಯನವರಿಗೆ ನಗು ಬಂತು. ಅವರ ಹೆಂಡತಿ ಶೈಲಜಮ್ಮ ಪಂಚಾಕ್ಷರಿ ಮಂತ್ರವನ್ನೂ "ಆ ಐದಕ್ಷರ" ಎಂದೇ ದಾಟಿಸುತ್ತಿದ್ದಳು. "ಹೆಸರು ಹೇಳಿಬಿಡಮ್ಮ, ತಿದ್ದಿ ಬರ್ಕೊತೀನಿ."

"ಹೇಳಿದ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತಾರೆ. ಇರೋರ ಹೆಸರು ಹೆಂಗೆ ಹೇಳ್ಲಿ?"

ಅವರ ನಗು ನಿಂತಿತು. ಪುಸ್ತಕದ ಮೇಲೆ ಕಣ್ಣು ನೆಟ್ಟು, "ಹೋಗ್ಲಿ, ನಾನು ಒಂದೊಂದಾಗಿ ಹೇಳ್ತೀನಿ, ನೀನು ತಲೆ ಆಡಿಸು. ಸಣ್ಣಯ್ಯ?"

ಅವಳು ತಲೆ ಅಡ್ಡಡ್ಡ ಆಡಿಸಿದಳು.

"ಮರಿಯಯ್ಯ?"

"ಬ್ಯಾಡಿ." ಮುನಿಯಕ್ಕ ಬಾವಿಯ ಕಡೆ ನೋಡಿದಳು. ಹಗ್ಗ ಉಜ್ಜಿ ಉಜ್ಜಿ ದಡದ ಕಲ್ಲು ಸವೆದಿತ್ತು. "ಅದನ್ನ ಮುಚ್ಬುಡ್ತಾರಾ?"

"ಮುಚ್ತಾರಮ್ಮ. ಪುಸ್ತಕದಲ್ಲಿ ಇರೋದಷ್ಟೇ ಉಳಿಯೋದು."

ಅವಳು ಸೆರಗು ತಲೆಗೆಳೆದುಕೊಂಡು, ಮೂಡಲ ದಿಕ್ಕಿಗೆ ತಿರುಗಿ ನಿಂತಳು.

"ಯಾರ್ಯಾರ್ದೋ ಹೆಸರು ಅದಕ್ಕೆ ಅಂಟಿಸ್ಬ್ಯಾಡಿ. ನಾನೇ ಹೇಳ್ತೀನಿ." ಗಂಟಲು ಸರಿಮಾಡಿಕೊಂಡಳು. "ಪುಟ್ಟಯ್ಯ."

ಎಳೆ ಕೂಸು ಹೊಸ ಮಾತು ಕಲಿತಂತಿತ್ತು ಆ ದನಿ.

ಪಂಚಾಕ್ಷರಯ್ಯನವರು 'ಚಿಕ್ಕ'ವನ್ನು ಹೊಡೆದು, ಮೇಲೆ 'ಪುಟ್ಟ' ಎಂದು ಬರೆದರು. ಮಸಿ ಆರಲೆಂದು ಊದಿದರು. ತಲೆಯೆತ್ತಿದಾಗ ಮುನಿಯಕ್ಕ ಹಿತ್ತಾಳೆ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಅವರೆದುರು ನಿಂತಿದ್ದಳು.

"ಕಾಲು ತೊಳ್ಕಳಿ ಸ್ವಾಮಿ."

"ಆಗಲೇ ತೊಳೆದೆನಲ್ಲಮ್ಮ."

"ಇನ್ನೊಂದಪ ತೊಳ್ಕಳಿ. ದೂರದಿಂದ ನಡ್ಕಂಡ್ ಬಂದಿದೀರಿ."

ಅವರು ಮೆಲ್ಲಗೆ ಅಂಗಳಕ್ಕಿಳಿದು ನಿಂತರು. ಮುನಿಯಕ್ಕ ಬಗ್ಗಿ ನೀರು ಹುಯ್ದಳು. ಅದು ಅವರ ಪಾದ ದಾಟಿ, ಕೆಂಪು ಮಣ್ಣಿನಲ್ಲಿ ಬಾವಿಯತ್ತ ಒಂದು ಗೇಣು ಹರಿದು, ಇಂಗಿತು.