ಕಾಯಿಸಿದ ನೀರು

ಬೋರಿನಿಂದ ಕೊಡ ತುಂಬಿಕೊಂಡು ಬಂದ ಹೆಂಗಸರನ್ನು ಜ್ಯೋತಿಲಕ್ಷ್ಮಿ ಅಂಗಳದಲ್ಲೇ ತಡೆದಳು. ಬೆಳಗ್ಗೆ ಏಳದೇ ಹೋದ ಅತ್ತೆ ಚಿಕ್ಕವೆಂಕಟಮ್ಮನನ್ನು ಬಾಗಿಲ ಮುಂದೆ ಮಲಗಿಸಿದ್ದರು.

"ಮೈಗೆ ಹುಯ್ಯಕ್ಕೆ ಇದು ಸಾಕು. ಬಾಯಿಗೆ ಬಿಡಕ್ಕೆ ಘಟಕದ ನೀರು ತನ್ನಿ."

ಸತ್ತವರಿಗೂ ಫಿಲ್ಟರ್ ನೀರೇ ಎಂದು ಯಾರೋ ಗೊಣಗಿದರು.

"ಇದ್ದಿದ್ರೆ ನಮ್ಮತ್ತೆ ಇದನ್ನ ಕುಡೀತಿದ್ರಾ, ನೀವೇ ಹೇಳಿ."

ಪಕ್ಕದ ಬೀದಿಯ ಶಹಜಾದಿ ತನ್ನ ಮಗಳು ಅರ್ಫಾಳನ್ನು ಕಂಕುಳಿಂದ ಇಳಿಸಿ, ತಾನೇ ಚೆಂಬು ಹಿಡಿದು ಹೊರಟಳು.

*

ಆ ಬೋರು ಚಿಕ್ಕವೆಂಕಟಮ್ಮನ ಗಂಡ ಮುನಿವೆಂಕಟಪ್ಪ ತನ್ನ ಹಿಪ್ಪುನೇರಳೆ ತೋಟದಲ್ಲಿ ಕೊರೆಸಿದ್ದು. ನೀರು ಚೆನ್ನಾಗಿ ಬಿದ್ದಾಗ ಅದನ್ನು ಊರ ಟ್ಯಾಂಕಿಗೇ ಬಿಟ್ಟುಕೊಟ್ಟಿದ್ದ. ಅವನು ಹೋದ ಮೇಲೆ ಯಾರ ಮನೆಯಲ್ಲಿ ನೀರು ಕೊಟ್ಟರೂ ಅವಳು ಮೊದಲ ಗುಟುಕಿಗೆ ಸುಮ್ಮನೆ ಕಣ್ಣು ಮುಚ್ಚುತ್ತಿದ್ದಳು.

ಶಹಜಾದಿಗೆ ಎದೆಹಾಲು ಬತ್ತಿದಾಗ, ಪುಡಿಹಾಲಿಗೆ ನೀರನ್ನು ಚೆನ್ನಾಗಿ ಕುದಿಸಿ ಬೆರೆಸು ಎಂದು ಹೇಳಿಕೊಟ್ಟವಳೂ ಅವಳೇ. ಕೂಸು ಅರ್ಫಾಳ ತುಟಿ, ಉಗುರು ನೀಲಿಗಟ್ಟಿದ ದಿನ ಇಬ್ಬರೂ ಆಟೋದಲ್ಲಿ ಚಿಕ್ಕಬಳ್ಳಾಪುರಕ್ಕೆ ಓಡಿದರು. ಇಂಜೆಕ್ಷನ್ ಕೊಟ್ಟ ಮೇಲೆ ಕೂಸು ಉಳಿಯಿತು. ಬೋರಿನ ನೀರು ಪರೀಕ್ಷೆ ಮಾಡಿಸಿದ ಡಾಕ್ಟರು, ತೋಟಗಳ ಯೂರಿಯಾ, ತಿಪ್ಪೆ, ಕಕ್ಕಸುಗುಂಡಿ ಎಲ್ಲ ಇಳಿದು ನೀರಿಗೆ ನೈಟ್ರೇಟ್ ಸೇರಿದೆ, ಕೂಸುಗಳಿಗೆ ಅದು ವಿಷ ಎಂದರು. ಕಾಯಿಸಿದರೆ ಅದು ಹೋಗುವುದಿಲ್ಲ, ನೀರು ಇಂಗಿದಷ್ಟೂ ಇನ್ನಷ್ಟು ಗಟ್ಟಿಯಾಗುತ್ತದೆ ಎಂದೂ ಹೇಳಿದರು.

ಊರಲ್ಲಿ ಬಸ್ಸಿಳಿದ ಚಿಕ್ಕವೆಂಕಟಮ್ಮ ನೇರ ತೋಟಕ್ಕೆ ಹೋಗಿ ಮೋಟಾರಿನ ಫ್ಯೂಸು ಕಿತ್ತು ಸೆರಗಿಗೆ ಕಟ್ಟಿಕೊಂಡಳು.

ಪಂಚಾಯ್ತಿ ಮೆಂಬರು ವೆಂಕಟರವಣಪ್ಪ ಜನ ಕಟ್ಟಿಕೊಂಡು ಬಾಗಿಲಿಗೆ ಬಂದ. ಇಷ್ಟು ವರ್ಷ ಕುಡಿದು ಯಾರು ಸತ್ತಿದ್ದಾರೆ ಎಂದು ಕೇಳಿದ. "ಅಣ್ಣ ಊರಿಗೆ ಕೊಟ್ಟಿದ್ದನ್ನ ನೀನು ಕಿತ್ಕೋತೀಯ, ಅಕ್ಕ?"

"ಅವ್ರು ನೀರು ಅಂತ ಕೊಟ್ರು ಕಣಪ್ಪ. ಈಗ ಅದು ನೀರಲ್ಲ."

ಆ ಬೇಸಿಗೆಯೆಲ್ಲ ಊರು ಪಕ್ಕದೂರಿಂದ ಬೈಕಿನಲ್ಲಿ ನೀರು ಹೊತ್ತಿತು. ಮದುವೆಗಳಿಗೆ ಅವಳನ್ನು ಕರೆಯಲಿಲ್ಲ. ಅವಳು ಶಹಜಾದಿಯ ಜೊತೆ ಶಿಡ್ಲಘಟ್ಟದ ಕಚೇರಿಗಳ ಮುಂದೆ ದಿನಗಟ್ಟಲೆ ಕೂತ ಮೇಲೆ ಕೊನೆಗೆ ಊರಿಗೆ ಶುದ್ಧ ನೀರಿನ ಘಟಕ ಬಂತು. ಆಮೇಲೆಯೇ ಫ್ಯೂಸು ಹಿಂದಿರುಗಿಸಿದ್ದು, ಬಳಕೆಯ ನೀರಿಗೆ ಮಾತ್ರ ಎಂದು. ಟೇಪು ಕತ್ತರಿಸಿ ಘಟಕ ಉದ್ಘಾಟಿಸಿದ ವೆಂಕಟರವಣಪ್ಪ ಅವಳ ಬಾಗಿಲು ಮಾತ್ರ ತುಳಿದಿರಲಿಲ್ಲ.

*

ಇವತ್ತು ಬಂದ. ಚಟ್ಟಕ್ಕೆ ಹೆಗಲು ಕೊಟ್ಟ. ಗುಂಡಿಗೆ ಮಣ್ಣು ಎಳೆಯುವಾಗ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಿದ್ದ.

ಮಣ್ಣು ಮುಗಿಸಿ ಬಂದ ಗಂಡಸರು ಮನೆ ಪಕ್ಕದ ಬೋರಿನ ತೊಟ್ಟಿಯ ಹತ್ತಿರ ಕೈಕಾಲು ತೊಳೆದು, ಸತ್ತವಳ ಹೆಸರಲ್ಲಿ ಹಚ್ಚಿಟ್ಟ ದೀಪ ನೋಡಲು ಒಬ್ಬೊಬ್ಬರೇ ಮನೆಯೊಳಗೆ ಹೋಗುತ್ತಿದ್ದರು. ಬಿಸಿಲು ಚುರುಗುಟ್ಟುತ್ತಿತ್ತು. ತಾಯಿಯ ಕಣ್ಣು ತಪ್ಪಿಸಿ ಬಂದ ಅರ್ಫಾ ಪೈಪಿನ ಕೆಳಗೆ ಬೊಗಸೆಯೊಡ್ಡಿ, ತುಂಬಿದ ನೀರನ್ನು ಬಾಯಿಯ ಹತ್ತಿರ ತಂದಳು.

ವೆಂಕಟರವಣಪ್ಪ ಬಗ್ಗಿ ಆ ಪುಟ್ಟ ಬೊಗಸೆಯನ್ನು ಹಿಡಿದುಕೊಂಡ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ನೀರೆಲ್ಲ ಸೋರಿಹೋದ ಮೇಲೆ ತನ್ನ ಟವೆಲ್ಲಿನಿಂದ ಅವಳ ಅಂಗೈ ಒರೆಸಿದ. ಆಮೇಲೆ ದೀಪ ನೋಡಲು ಒಳಗೆ ಹೋಗದೆ, ಮಗುವನ್ನು ಎತ್ತಿಕೊಂಡು ಒದ್ದೆ ಕಾಲಲ್ಲೇ ಘಟಕದ ಕಡೆ ನಡೆದ.