ಅವ್ವನ ಕೈಯ ಕುಬಸ

ಹುಲಿ ಮತ್ತೊಮ್ಮೆ ಗರ್ಜಿಸಿದ್ದೇ ತಡ, ಭೀಮಪ್ಪ ಚಹದ ಬಸಿಯನ್ನು ನೆಲಕ್ಕಿಟ್ಟು ತಂಗಿಯ ಮುಖ ನೋಡಿದ.

"ಕೇಳಿದೇನ? ರಾಜಧಾನಿ ಅಂತ ರಾಜಧಾನಿ! ಊರಾಗ ಹುಲಿ ಒದರತೈತಿ."

"ಅದು ಮಹಾರಾಜಬಾಗ ತ್ವಾಟದ ಬೋನಿನಾಗ ಐತಣ್ಣಾ," ಎಂದಳು ಚಂದ್ರಮ್ಮ. "ಮುಂಜಾನಿ ಹಸಿವಾದ್ರ ಒದರತೈತಿ. ನಿನ್ನಂಗ."

ಭೀಮಪ್ಪ ನಗಲಿಲ್ಲ. ಅವ್ವ ಲಕ್ಷ್ಮವ್ವನನ್ನು ಕರೆದುಕೊಂಡು ಬಾದಾಮಿ ಕಡೆಯ ಹಳ್ಳಿಯಿಂದ ಹೊರಟು, ನಿನ್ನೆ ಸಂಜೆ ಪ್ರಾಂತದ ರಾಜಧಾನಿಯಾದ ನಾಗಪುರದಲ್ಲಿ ಇಳಿದಾಗಿನಿಂದ ಅವನಿಗೆ ಈ ಊರು ಸೇರಿರಲಿಲ್ಲ. ಬಲ್ಲಾರಶಾ ಬಿಟ್ಟ ಮೇಲೆ ಕಿಟಕಿಯಲ್ಲಿ ಬರೀ ತೇಗದ ಮರಗಳು. ಎದುರಿಗೆ ಕೂತ ಪುಣ್ಯಾತ್ಮನೊಬ್ಬ, ಹಳಿ ನೋಡಲು ಹೋದವನನ್ನು ಹುಲಿ ಹೊತ್ತೊಯ್ದ ಕತೆ ಹೇಳಿ ಅವನ ನಿದ್ದೆ ಕೆಡಿಸಿದ್ದ. ಅಷ್ಟು ದೊಡ್ಡ ಅಡವಿಯ ನಡುವೆ ಇಷ್ಟು ದೊಡ್ಡ ಪಟ್ಟಣವನ್ನು ಯಾವ ಸುಖಕ್ಕೆ ಕಟ್ಟಿದರೋ ಅವನಿಗೆ ತಿಳಿಯಲೊಲ್ಲದು.

ಬಂದ ಕೆಲಸ ಮಾತ್ರ ಸರಳವಾಗಿತ್ತು. ಚಂದ್ರಮ್ಮನಿಗೆ ಏಳು ತಿಂಗಳು, ಚೊಚ್ಚಲು. ತವರಿಗೆ ಕರೆದೊಯ್ದು, ಹಸಿರು ಸೀರೆ ಉಡಿಸಿ, ಉಡಿ ತುಂಬಿ ಸೀಮಂತದ ಕುಬಸ ಮಾಡಿ, ಬಾಣಂತನ ಮುಗಿಸಿ ಕಳಿಸಬೇಕು. ಸಂಜೆಯ ಗಾಡಿಗೇ ಹೊರಡುವುದೆಂದು ಅವನು ನಿಶ್ಚಯಿಸಿದ್ದ. ಅವಳ ಗಂಡ ಬಸವಂತ ರೈಲ್ವೆಯಲ್ಲಿ ಎಂಜಿನ್ನಿಗೆ ಕಲ್ಲಿದ್ದಲು ತುಂಬುವ ಫೈರ್‌ಮನ್. ಇಟಾರ್ಸಿ ಗಾಡಿಯ ಮೇಲೆ ಹೋಗುವಾಗ ಹೆಂಡತಿಗೆ, "ನಿನಗ ಹೆಂಗ ಬರೋಬರ್ ಅನಸ್ತೈತಿ ಹಂಗ ಮಾಡು" ಎಂದು ಹೇಳಿಹೋಗಿದ್ದ. ಅವನು ಹಾಗೆ ಹೇಳಬಾರದಿತ್ತು ಎಂದು ಭೀಮಪ್ಪನಿಗೆ ಬೇಗನೆ ಅನ್ನಿಸಿತು.

"ನಾ ಬರಂಗಿಲ್ಲಣ್ಣಾ," ಎಂದಳು ಚಂದ್ರಮ್ಮ.

"ಹುಚ್ಚ ಹಿಡದೈತೇನ ನಿನಗ? ಇಲ್ಲಿ ನಮ್ಮವ್ರು ಅನ್ನೋರು ಯಾರ ಅದಾರ? ನಾಕೂ ಕಡೆ ಅಡವಿ, ನಡುವ ಮರಾಠಿ!"

"ದವಾಖಾನಿ ಐತಿ, ಡಾಕ್ಟರಬಾಯಿ ಅದಾಳ. ಕುಬಸ ಇಲ್ಲೇ ಮಾಡ್ರಿ, ಇವತ್ತ ಮಾಡ್ರಿ. ಅವ್ವ ಉಡಿ ತುಂಬಲಿ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಲಕ್ಷ್ಮವ್ವನ ಕೈ ನಿಂತಿತು. ಗಂಡ ತೀರಿಕೊಂಡಾಗಿನಿಂದ ಅವಳ ಹಣೆ ಬರಿದು, ಕೈ ಬರಿದು. ಊರಲ್ಲಿ ಯಾರ ಮನೆಯ ಶುಭಕಾರ್ಯವಾದರೂ ಬೀಸಲು, ಕುಟ್ಟಲು, ಕಡಬು ಕರಿಯಲು ಅವಳು ಬೇಕು. ಮುತ್ತೈದೆಯರು ಬರುವ ಹೊತ್ತಿಗೆ ತಾನೇ ಎದ್ದು ಹಿತ್ತಲಿಗೆ ಹೋಗುವಳು. ಹೋಗು ಎಂದು ಯಾರೂ ಹೇಳುತ್ತಿರಲಿಲ್ಲ. ಹೇಳುವ ಪ್ರಸಂಗವನ್ನೇ ಅವಳು ತಂದಿಟ್ಟಿರಲಿಲ್ಲ.

"ಬಾಯಿ ಮುಚ್ಚ ಚಂದ್ರೀ," ಎಂದಳು. "ಅದಕ್ಕ ನನ್ನ ಕೈ ನಡಿಯಂಗಿಲ್ಲ."

"ಹಿಟ್ಟ ನಾದಾಕ ನಡೀತೈತಿ. ಕಡಬ ಕರಿಯಾಕ ನಡೀತೈತಿ. ಮಗಳ ಉಡಿಗೆ ಯಾಕ ನಡಿಯಂಗಿಲ್ಲ?"

"ಮಂದಿ ಏನಂದಾರು ಅನ್ನೋ ಖಬರರ ಐತೇನ?" ಭೀಮಪ್ಪ ದನಿ ಏರಿಸಿದ.

"ಇಲ್ಲಿ ಮಂದಿ ಎಲ್ಲಿ ಅದಾರಣ್ಣಾ? ನಮ್ಮವ್ರು ಯಾರೂ ಇಲ್ಲಂತ ಈಗ ನೀನ ಅಂದಿ. ಅದಕ್ಕ ನಾ ಇಲ್ಲೇ ಅನ್ನಾಕತ್ತೀನಿ. ಊರಿಗೆ ಬಂದ್ರ, ನನಗ ಬ್ಯಾನಿ ಬಂದಾಗ ಅವ್ವನ್ನ ಎಲ್ಲಿ ಕುಂದರಸ್ತೀರಿ? ದನದ ಕೊಟ್ಟಗ್ಯಾಗ. ವೈನಿ ಹಡಿಯುವಾಗ ನಾ ನೋಡೀನಿ. ವೈನಿ ಚೀರಿದಾಗೊಮ್ಮೆ ಅವ್ವ ಎದ್ದು ನಿಲ್ಲತಿದ್ಲು, ಮತ್ತ ಕುಂದರತಿದ್ಲು. ನಿನ್ನ ಮಗನ ಮಾರಿ ಆಕಿಗೆ ಯಾವಾಗ ತೋರಿಸಿದ್ರಿ?"

ಭೀಮಪ್ಪ ಎದ್ದು ನಿಂತ. "ನೆರಿಮನಿ ಮುತ್ತೈದಿನ್ನ ಕರಕೊಂಡ ಬರ್ತೀನಿ. ಕುಬಸ ಮುಗಿಸಿ ಗಾಡಿ ಹತ್ತೂಣು."

"ಆಕಿ ಬಂದ್ರ ನಾ ಸೆರಗ ಒಡ್ಡಂಗಿಲ್ಲ."

ಹಾಗೆಂದವಳೇ ಒಳಗಿನಿಂದ ಬುಟ್ಟಿಯೊಂದನ್ನು ತಂದಿಟ್ಟಳು. ಹಸಿರು ಸೀರೆ, ಖಣ, ಹಸಿರು ಬಳೆ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಎಲ್ಲವೂ ಇದ್ದವು. ಮಹಾಲ್ ಪೇಟೆಯ ಓಣಿಗಳನ್ನು ತಿರುಗಿ ತಾನೇ ಆರಿಸಿ ತಂದದ್ದು. ತನ್ನ ಕುಬಸದ ಸಾಮಾನನ್ನು ತಾನೇ ಕೊಂಡುಕೊಂಡ ಬಸುರಿಯನ್ನು ಭೀಮಪ್ಪ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಈ ಊರಿಗೆ ಬಂದ ಹೊಸತರಲ್ಲಿ ಅವಳು ದಿನಾ ಅತ್ತವಳೇ. ಕ್ವಾರ್ಟರ್ಸಿನ ಆಚೆ ನರಿ ಕೂಗಿದರೆ ಚಾದರ ಹೊದ್ದು ಮಲಗುತ್ತಿದ್ದಳು. ಆಮೇಲಾಮೇಲೆ, ಯಾರ ಮಗಳು, ಯಾವ ಮನೆತನ ಎಂದು ಕೇಳುವವರಿಲ್ಲದ ಬೀದಿಗಳಲ್ಲಿ ಓಡಾಡುವುದು ಅವಳಿಗೆ ಇಷ್ಟವಾಗತೊಡಗಿತ್ತು.

ಮಣೆ ಹಾಕಿ, ಮೂಡಣಕ್ಕೆ ಮುಖ ಮಾಡಿ ಕೂತು ಸೆರಗು ಒಡ್ಡಿದಳು. "ಅವ್ವ ತುಂಬೂತನಕ ಏಳಂಗಿಲ್ಲ."

ಭೀಮಪ್ಪ ರುಮಾಲು ಸುತ್ತಿಕೊಂಡು, "ನಾ ಟೇಸನ್ನಿಗೆ ಹೋಗಿ ಬರೂದ್ರಾಗ ಇಬ್ಬರೂ ತಯಾರಾಗಿರ್ರಿ" ಎಂದು ಬಾಗಿಲು ಬಡಿದು ಹೋದ.

ಲಕ್ಷ್ಮವ್ವ ರೊಟ್ಟಿ ಮುಗಿಸಿದಳು. ಒಲೆ ಆರಿಸಿದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಚಂದ್ರಮ್ಮನ ಕಾಲು ಜೋಮು ಹಿಡಿದಿದ್ದವು, ಸೊಂಟ ಸಿಡಿಯುತ್ತಿತ್ತು. ಒಡ್ಡಿದ ಸೆರಗು ಮಾತ್ರ ಹಾಗೇ ಇತ್ತು.

"ಏಳ ನನ್ನವ್ವ, ಕಾಲ ಬಾತಾವು."

"ನೀ ತುಂಬು, ಏಳತೀನಿ."

ಲಕ್ಷ್ಮವ್ವ ಮಗಳೆದುರು ಕುಸಿದು ಕೂತಳು. "ನಾಳೆ ಏನರ ಹೆಚ್ಚುಕಡಿಮಿ ಆದ್ರ? ಮಂದಿ ಅನ್ನೂದು ಬಿಡು, ಚಂದ್ರೀ. ನನ್ನ ಕೈಲೇ ಆತು ಅಂತ ನಾನ ಅಂದ್ಕೋತೀನಿ. ಅದನ್ನ ಹೊತ್ಕೊಂಡ ಹೆಂಗ ಬದುಕಲಿ?"

ಮುಂಜಾನೆಯಿಂದ ಎಲ್ಲದಕ್ಕೂ ಎದುರುತ್ತರ ಕೊಟ್ಟಿದ್ದ ಚಂದ್ರಮ್ಮ, ಒಡ್ಡಿದ ಸೆರಗಿನೊಂದಿಗೇ ಅವ್ವನತ್ತ ಬಾಗಿದಳು.

"ನನಗ ಅಂಜಿಕಿ ಆಗತೈತಿ ಯವ್ವಾ. ಭಾಳ ಅಂಜಿಕಿ. ಏನ ಆಗೂದಿದ್ರೂ ಆಗಲಿ, ನೀ ನನ್ನ ಹತ್ತಿರ ಇರಬೇಕು. ಗ್ವಾಡಿ ಆಚೆ ಅಲ್ಲ, ನನ್ನ ಹತ್ತಿರ."

ಲಕ್ಷ್ಮವ್ವ ಎದ್ದು ಕೈಕಾಲು ತೊಳೆದು ಬಂದಳು. ಸೀರೆಯನ್ನು ಮಗಳ ಹೆಗಲಿಗೆ ಹೊದಿಸಿ, ಒಂದೊಂದೇ ಬಳೆ ಏರಿಸಿದಳು. ಕುಂಕುಮದ ಭರಣಿಯ ಮುಚ್ಚಳ ತೆಗೆದಳು. ಬೆರಳದ್ದಿ ಮಗಳ ಹಣೆಗೆ ಒತ್ತಿ ಹಚ್ಚಿದಳು. ಬೊಗಸೆ ತುಂಬಾ ಅಕ್ಕಿ ಹಿಡಿದು ಉಡಿಗೆ ಸುರಿಯುವಾಗ ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಕೈ ಮಾತ್ರ ನಿಲ್ಲಿಸಲಿಲ್ಲ.

ಭೀಮಪ್ಪ ಯಾವಾಗ ಬಂದು ಬಾಗಿಲಲ್ಲಿ ನಿಂತನೋ ಇಬ್ಬರಿಗೂ ತಿಳಿಯಲಿಲ್ಲ.

"ಗಾಡಿಗೆ ಹೊತ್ತಾತು," ಎಂದ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

"ನೀ ಹೋಗ ಭೀಮ್ಯಾ," ಎಂದಳು ಲಕ್ಷ್ಮವ್ವ, ಕಣ್ಣು ಒರೆಸಿಕೊಳ್ಳುತ್ತ. "ನಾ ಬಾಣಂತನ ಮುಗಿಸಿಕೊಂಡ ಬರ್ತೀನಿ. ಯಾರರ ಕೇಳಿದ್ರ ಕುಬಸ ಆತು, ಅವ್ವನ ಮಾಡಿದ್ಲು ಅಂತ ಹೇಳು. ಮುಚ್ಚಿಡಬ್ಯಾಡ. ಈಗ ಉಣ್ಣಾಕ ಕುಂದ್ರು."

ಭೀಮಪ್ಪ ನಿಂತೇ ಇದ್ದ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. ಲಕ್ಷ್ಮವ್ವ ತಾಟಿಗೆ ರೊಟ್ಟಿ ಹಾಕಿದಳು. ಅವಳ ಬೆರಳಿನ ಕುಂಕುಮ ರೊಟ್ಟಿಯ ಅಂಚಿಗೆ ಹತ್ತಿತ್ತು. ಭೀಮಪ್ಪ ಅದನ್ನು ನೋಡಿದ. ಆ ಅಂಚನ್ನೇ ಮುರಿದು ಬಾಯಿಗಿಟ್ಟುಕೊಂಡ.